ಗಣಕ ವ್ಯವಸ್ಥೆಗಳ ನಿಗಾ ಮತ್ತು ದೂರವಾಣಿ ಎಚ್ಚರಿಕೆ

ರೈಲ್ವೆಯ ಮುಂಗಡ ಟಿಕೆಟು, ಬ್ಯಾಂಕಿನ ಲೆಕ್ಕ, ಪಡಿತರದ ಹಂಚಿಕೆ, ಆಸ್ಪತ್ರೆಯ ಪ್ರಯೋಗಾಲಯದ ವರದಿ ಇವೆಲ್ಲವೂ ಇಂದು ಹಗಲಿರುಳೆನ್ನದೆ ನಡೆಯುವ ಸರ್ವರ್‌ಗಳನ್ನು ಅವಲಂಬಿಸಿವೆ. ಯಂತ್ರಕ್ಕೆ ರಾತ್ರಿಯ ವಿರಾಮವಿಲ್ಲ. ಅದನ್ನು ದುರಸ್ತಿ ಮಾಡಬೇಕಾದ ಮನುಷ್ಯನಾದರೋ ನಿದ್ರಿಸಲೇಬೇಕು. ಈ ಎರಡರ ನಡುವಣ ಅಂತರವನ್ನು ತುಂಬುವ ಸಾಧನಗಳಲ್ಲಿ ದೂರವಾಣಿ ಎಚ್ಚರಿಕೆಯು ಮುಖ್ಯವಾದುದು. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ ಮುಂತಾದ ನಗರಗಳಲ್ಲಿ ಮಾಹಿತಿ ತಂತ್ರಜ್ಞಾನದ ಉದ್ಯೋಗದಲ್ಲಿರುವ ಅನೇಕ ಕನ್ನಡಿಗರ ಮನೆಗಳಿಗೆ ಇಂತಹ ಅಪರಾತ್ರಿಯ ಕರೆ ಹೊಸದೇನಲ್ಲ. ಆ ಕರೆ ಎಲ್ಲಿಂದ ಬರುತ್ತದೆ, ಅದನ್ನು ಏರ್ಪಡಿಸುವ ಕ್ರಮವೇನು, ಯಾವ ತಪ್ಪುಗಳಿಂದ ಅದು ನಿಷ್ಫಲವಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಒಂದು ಉದಾಹರಣೆಯಿಂದ ಆರಂಭಿಸಬಹುದು. ಇನ್ನೂರು ಹಾಸಿಗೆಗಳ ಆಸ್ಪತ್ರೆಯೊಂದನ್ನು ಊಹಿಸಿಕೊಳ್ಳಿರಿ. ರಕ್ತನಿಧಿಯ ದಾಖಲೆ, ಔಷಧ ದಾಸ್ತಾನು, ಪ್ರಯೋಗಾಲಯದ ಫಲಿತಾಂಶ ಎಲ್ಲವೂ ಒಂದೇ ಸರ್ವರ್‌ನಲ್ಲಿವೆ. ರಾತ್ರಿ ಎರಡು ಗಂಟೆಗೆ ಅದರ ಡಿಸ್ಕ್ ತುಂಬುತ್ತ ಬರುತ್ತದೆ. ವ್ಯವಸ್ಥಾಪಕರಿಗೆ ಇ-ಮೇಲ್ ಎಚ್ಚರಿಕೆ ಹೋಗುತ್ತದೆ. ಅದನ್ನು ಓದುವವರು ಯಾರೂ ಎಚ್ಚರವಾಗಿಲ್ಲ. ನಾಲ್ಕು ಗಂಟೆಗೆ ಬರೆಯಲು ಜಾಗವಿಲ್ಲದೆ ದತ್ತಸಂಚಯವು ನಿಂತುಹೋಗುತ್ತದೆ. ನಾಲ್ಕೂವರೆಗೆ ಅಪಘಾತದಲ್ಲಿ ಗಾಯಗೊಂಡವರನ್ನು ಕರೆತಂದಾಗ ರಕ್ತನಿಧಿಯಲ್ಲಿ ಯಾವ ಗುಂಪಿನ ರಕ್ತ ಎಷ್ಟಿದೆಯೆಂದು ಹೇಳುವವರಿಲ್ಲ. ಯಂತ್ರವು ಎರಡು ಗಂಟೆ ಮೊದಲೇ ತನ್ನ ಸ್ಥಿತಿಯನ್ನು ತಿಳಿಸಿತ್ತು, ಆದರೆ ಅದು ಯಾರ ಕಿವಿಗೂ ಬೀಳಲಿಲ್ಲ. ಕಿವಿಗೆ ಬೀಳುವಂತೆ ತಿಳಿಸುವುದೇ ದೂರವಾಣಿ ಎಚ್ಚರಿಕೆಯ ಉದ್ದೇಶ.

ನಿಗಾ ವ್ಯವಸ್ಥೆಯ ಸ್ವರೂಪ

ಸರ್ವರ್, ಜಾಲ, ವಿದ್ಯುತ್ ಪೂರೈಕೆ, ತಂತ್ರಾಂಶ ಇವುಗಳ ಸ್ಥಿತಿಯನ್ನು ನಿಗದಿತ ಅವಧಿಗೊಮ್ಮೆ ಅಳೆದು, ಅಳತೆಯು ಮಿತಿ ಮೀರಿದಾಗ ತಿಳಿಸುವ ತಂತ್ರಾಂಶವನ್ನು ನಿಗಾ ವ್ಯವಸ್ಥೆ ಎನ್ನುತ್ತಾರೆ. ನಾಗಿಯೋಸ್, ಜಾಬಿಕ್ಸ್, ಪ್ರೊಮಿಥಿಯಸ್ ಇವು ಬಳಕೆಯಲ್ಲಿರುವ ಮುಕ್ತ ತಂತ್ರಾಂಶಗಳು. ಲಾಟ್ವಿಯಾ ದೇಶದ ಅಲೆಕ್ಸೀ ವ್ಲಾದಿಶೆವ್ ಎಂಬುವರು ರೂಪಿಸಿದ ಜಾಬಿಕ್ಸ್ 2001ರಲ್ಲಿ ಸಾರ್ವಜನಿಕ ಬಳಕೆಗೆ ದೊರೆಯಿತು. ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಮುಂದಿನ ವಿವರಣೆಗೆ ಇದನ್ನೇ ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ. ಇತರ ವ್ಯವಸ್ಥೆಗಳಲ್ಲಿ ಹೆಸರುಗಳು ಬೇರೆಯಾದರೂ ತತ್ತ್ವ ಒಂದೇ.

ಜಾಬಿಕ್ಸ್‌ನಲ್ಲಿ ಪ್ರತಿಯೊಂದು ಅಳತೆಗೂ ಐಟಂ ಎಂದು ಹೆಸರು. ‘ಡಿಸ್ಕ್ ಶೇಕಡಾ ಎಷ್ಟು ತುಂಬಿದೆ’ ಎಂಬುದು ಒಂದು ಐಟಂ. ಆ ಅಳತೆ ಯಾವ ಮಿತಿಯನ್ನು ದಾಟಿದರೆ ತೊಂದರೆಯೆಂದು ಭಾವಿಸಬೇಕೆಂಬ ನಿಯಮಕ್ಕೆ ಟ್ರಿಗರ್ ಎನ್ನುತ್ತಾರೆ. ಟ್ರಿಗರ್ ಎಚ್ಚೆತ್ತಾಗ ಏನು ಮಾಡಬೇಕೆಂಬುದು ಆ್ಯಕ್ಷನ್. ಸಂದೇಶವು ಇ-ಮೇಲ್ ಮೂಲಕ ಹೋಗಬೇಕೋ ಕರೆಯ ಮೂಲಕ ಹೋಗಬೇಕೋ ಎಂಬುದನ್ನು ತಿಳಿಸುವುದು ಮೀಡಿಯಾ ಟೈಪ್. ಈ ನಾಲ್ಕು ಪದಗಳ ಅರ್ಥ ತಿಳಿದರೆ ಉಳಿದುದನ್ನು ಗ್ರಹಿಸುವುದು ಕಷ್ಟವಲ್ಲ.

ಯಾವುದಕ್ಕೆ ಕರೆ ಮಾಡಬೇಕು

ದೂರವಾಣಿ ಎಚ್ಚರಿಕೆಯನ್ನು ಏರ್ಪಡಿಸುವವರು ಮೊದಲು ಮಾಡಬೇಕಾದ ಕೆಲಸವು ತಾಂತ್ರಿಕವಾದುದಲ್ಲ. ಯಾವ ತೊಂದರೆಗೆ ಮನುಷ್ಯನನ್ನು ಎಬ್ಬಿಸಬೇಕು, ಯಾವುದು ಬೆಳಗಿನವರೆಗೆ ಕಾಯಬಲ್ಲದು ಎಂಬ ವಿಂಗಡಣೆ ಅದು. ಜಾಬಿಕ್ಸ್‌ನಲ್ಲಿ ತೊಂದರೆಗಳಿಗೆ ವರ್ಗೀಕರಿಸದ್ದು, ಮಾಹಿತಿ, ಮುನ್ನೆಚ್ಚರಿಕೆ, ಸಾಧಾರಣ, ತೀವ್ರ, ವಿಪತ್ತು ಎಂಬ ಆರು ದರ್ಜೆಗಳಿವೆ. ಕರೆಯನ್ನು ಕೊನೆಯ ದರ್ಜೆಗೆ, ಹೆಚ್ಚೆಂದರೆ ಕೊನೆಯ ಎರಡಕ್ಕೆ ಮಾತ್ರ ಮೀಸಲಿಡುವುದು ಒಳ್ಳೆಯದು. ಪ್ರತಿಯೊಂದು ಟ್ರಿಗರ್ ಕುರಿತು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ಈಗಲೇ ಎದ್ದು ಮಾಡಬಹುದಾದ ಕೆಲಸವೊಂದು ಇದೆಯೆ? ಬೆಳಗಿನವರೆಗೆ ಬಿಟ್ಟರೆ ಯಾರಿಗಾದರೂ ಹಾನಿಯಾಗುವುದೆ? ಎರಡಕ್ಕೂ ‘ಹೌದು’ ಎಂಬ ಉತ್ತರ ಬಂದರೆ ಮಾತ್ರ ಕರೆ. ಇಲ್ಲವಾದರೆ ಇ-ಮೇಲ್ ಸಾಕು.

ಎಚ್ಚರಿಕೆಗಳು ಹೆಚ್ಚಿದಷ್ಟೂ ಸುರಕ್ಷತೆ ಹೆಚ್ಚುತ್ತದೆಂಬುದು ತಪ್ಪು ಕಲ್ಪನೆ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಮಿಲ್ಫೋರ್ಡ್ ಹೇವನ್‌ನಲ್ಲಿರುವ ತೈಲ ಶುದ್ಧೀಕರಣ ಕೇಂದ್ರದಲ್ಲಿ 1994ರ ಜುಲೈ 24ರಂದು ಭಾರಿ ಸ್ಫೋಟ ಸಂಭವಿಸಿತು. ಸ್ಫೋಟಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ನಿಯಂತ್ರಣ ಕೊಠಡಿಯ ಇಬ್ಬರು ನಿರ್ವಾಹಕರ ಮುಂದೆ 275 ಎಚ್ಚರಿಕೆಗಳು ಬಂದಿದ್ದವೆಂದು ತನಿಖೆಯಿಂದ ತಿಳಿದುಬಂದಿತು. ಅಂದರೆ ಎರಡೂವರೆ ಸೆಕೆಂಡಿಗೊಂದು. ಅಷ್ಟರೊಳಗೆ ಮುಖ್ಯವಾದುದನ್ನು ಆರಿಸಿಕೊಳ್ಳುವುದು ಮನುಷ್ಯನಿಗೆ ಸಾಧ್ಯವಿಲ್ಲ. ಗಣಕ ವ್ಯವಸ್ಥೆಗೂ ಇದೇ ಮಾತು ಸಲ್ಲುತ್ತದೆ. ವಾರಕ್ಕೆ ಹತ್ತು ಸಲ ಕಾರಣವಿಲ್ಲದೆ ಎದ್ದವರು ಹನ್ನೊಂದನೆಯ ಸಲ ಕರೆಯನ್ನು ಕಡಿದು ಮಲಗುತ್ತಾರೆ. ಆ ಹನ್ನೊಂದನೆಯದೇ ನಿಜವಾದ ಕರೆಯಾಗಿರಬಹುದು.

ಅನಗತ್ಯ ಕರೆಗಳನ್ನು ತಗ್ಗಿಸಲು ವ್ಯವಸ್ಥೆಯಲ್ಲಿಯೇ ಉಪಾಯಗಳಿವೆ. ಒಂದು ಸಲದ ಅಳತೆಯನ್ನು ನಂಬದೆ, ಸತತ ಮೂರು ಸಲ ಮಿತಿ ಮೀರಿದಾಗ ಮಾತ್ರ ಟ್ರಿಗರ್ ಎಚ್ಚೆತ್ತುಕೊಳ್ಳುವಂತೆ ಮಾಡಬಹುದು. ಡಿಸ್ಕ್ ಶೇಕಡಾ 90 ದಾಟಿದಾಗ ಆರಂಭವಾದ ತೊಂದರೆಯು ಶೇಕಡಾ 85ಕ್ಕೆ ಇಳಿದ ನಂತರವೇ ಮುಗಿಯಿತೆಂದು ಪರಿಗಣಿಸಿದರೆ, ಮಿತಿಯ ಅಂಚಿನಲ್ಲಿ ಮತ್ತೆ ಮತ್ತೆ ಕರೆ ಹೋಗುವುದು ತಪ್ಪುತ್ತದೆ. ಜಾಲದ ಒಂದು ಸ್ವಿಚ್ ಕೆಟ್ಟರೆ ಅದರ ಹಿಂದಿರುವ ಇಪ್ಪತ್ತು ಸರ್ವರ್‌ಗಳೂ ಸತ್ತಂತೆ ಕಾಣುತ್ತವೆ. ಅವುಗಳ ಟ್ರಿಗರ್‌ಗಳು ಸ್ವಿಚ್ಚಿನ ಟ್ರಿಗರ್ ಅನ್ನು ಅವಲಂಬಿಸಿವೆಯೆಂದು ಸೂಚಿಸಿದರೆ ಇಪ್ಪತ್ತೊಂದು ಕರೆಗಳ ಬದಲು ಒಂದೇ ಕರೆ ಹೋಗುತ್ತದೆ. ಡಿಸ್ಕ್ ತುಂಬಲು ಇನ್ನೆಷ್ಟು ಹೊತ್ತು ಉಳಿದಿದೆಯೆಂದು ಅಂದಾಜು ಮಾಡುವ ಸೌಲಭ್ಯವೂ ಜಾಬಿಕ್ಸ್‌ನಲ್ಲಿ ಇದೆ. ಅದನ್ನು ಬಳಸಿಕೊಂಡು ಹಗಲಿನಲ್ಲಿಯೇ ಇ-ಮೇಲ್ ಕಳುಹಿಸಿದರೆ ರಾತ್ರಿಯ ಕರೆಯೇ ಬೇಕಾಗುವುದಿಲ್ಲ. ಯೋಜಿತ ದುರಸ್ತಿಯ ಅವಧಿಯನ್ನು ಮೊದಲೇ ನಮೂದಿಸಿದರೆ ಆ ಹೊತ್ತಿನಲ್ಲಿ ಕರೆಗಳು ತಡೆಹಿಡಿಯಲ್ಪಡುತ್ತವೆ.

ಕರೆ ಹೋಗುವ ಮಾರ್ಗ

ನಿಗಾ ವ್ಯವಸ್ಥೆಗೆ ತಾನಾಗಿಯೇ ದೂರವಾಣಿ ಕರೆ ಮಾಡಲು ಬರುವುದಿಲ್ಲ. ಅದಕ್ಕೆ ಮೂರು ಮಾರ್ಗಗಳಿವೆ. ಮೊದಲನೆಯದು, ಪರವಾನಗಿ ಪಡೆದ ದೂರಸಂಪರ್ಕ ಸೇವಾದಾರರು ಅಂತರಜಾಲದ ಮೂಲಕ ಒದಗಿಸುವ ಕರೆ ಸೇವೆ. ನಿಗಾ ವ್ಯವಸ್ಥೆ ಒಂದು ವಿನಂತಿ ಕಳುಹಿಸುತ್ತದೆ. ಸೇವಾದಾರರ ಯಂತ್ರ ಕರೆ ಮಾಡುತ್ತದೆ. ಎರಡನೆಯದು, ಸಂಸ್ಥೆಯೊಳಗೇ ಇರುವ ದೂರವಾಣಿ ವಿನಿಮಯ ತಂತ್ರಾಂಶ. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಎಂಬುವರು ರೂಪಿಸಿದ ಆಸ್ಟರಿಸ್ಕ್ ಇಂಥದು. ಯಾವ ಸಂಖ್ಯೆಗೆ ಕರೆ ಮಾಡಬೇಕು, ಎಷ್ಟು ಸೆಕೆಂಡು ಕಾಯಬೇಕು, ಎಷ್ಟು ಸಲ ಮರುಪ್ರಯತ್ನ ಮಾಡಬೇಕು ಎಂದು ಬರೆದ ಒಂದು ಚಿಕ್ಕ ಕಡತವನ್ನು ನಿಗದಿತ ಜಾಗದಲ್ಲಿ ಇರಿಸಿದರೆ ಅದು ಕರೆ ಮಾಡುತ್ತದೆ. ಮೂರನೆಯದು, ಸಿಮ್ ಕಾರ್ಡ್ ಅಳವಡಿಸಿದ ಮೊಬೈಲ್ ಗೇಟ್‌ವೇ ಉಪಕರಣ. ಅಂತರಜಾಲ ಸಂಪೂರ್ಣ ನಿಂತರೂ ಇದು ಕೆಲಸ ಮಾಡಬಲ್ಲದು.

ಎಚ್ಚರಿಕೆಯ ಮಾರ್ಗವು ತಾನು ಕಾಯುತ್ತಿರುವ ವ್ಯವಸ್ಥೆಯನ್ನೇ ಅವಲಂಬಿಸಿರಕೂಡದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯ ಜಾಲವು ದುರಸ್ತಿ ಕಾಲದಲ್ಲಿ ನೀಡಿದ ತಪ್ಪು ಆದೇಶದಿಂದ ಸುಮಾರು ಆರು ಗಂಟೆ ಕಾಲ ಸ್ಥಗಿತವಾಯಿತು. ದೋಷವನ್ನು ಪತ್ತೆಹಚ್ಚಿ ಸರಿಪಡಿಸಲು ಬಳಸುವ ಆಂತರಿಕ ಸಾಧನಗಳೂ ಅದೇ ಜಾಲದಲ್ಲಿದ್ದುದರಿಂದ ಅವೂ ನಿಂತವು; ಎಂಜಿನಿಯರುಗಳು ದತ್ತಾಂಶ ಕೇಂದ್ರಗಳಿಗೆ ಖುದ್ದಾಗಿ ತೆರಳಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಗೆ ಒದಗಿದ ಸ್ಥಿತಿ ಚಿಕ್ಕ ಆಸ್ಪತ್ರೆಗೂ ಒದಗಬಹುದು. ಆಸ್ಪತ್ರೆಯ ಅಂತರಜಾಲ ಕಡಿದುಹೋಗಿದೆಯೆಂಬ ಎಚ್ಚರಿಕೆಯನ್ನು ಅದೇ ಅಂತರಜಾಲದ ಮೂಲಕ ಕಳುಹಿಸಲಾಗದು. ಆದುದರಿಂದ ಮೊದಲ ಮಾರ್ಗದ ಜೊತೆಗೆ ಸಿಮ್ ಗೇಟ್‌ವೇ ಒಂದನ್ನು ಇಟ್ಟುಕೊಳ್ಳುವುದು ವಿವೇಕದ ಕ್ರಮ. ಅದಕ್ಕೆ ಪ್ರತ್ಯೇಕ ಬ್ಯಾಟರಿಯಿಂದ ವಿದ್ಯುತ್ ದೊರೆಯಬೇಕು.

ಏರ್ಪಾಡಿನ ಹಂತಗಳು

ಜಾಬಿಕ್ಸ್‌ನಲ್ಲಿ ಈ ಕೆಲಸವನ್ನು ಕೆಳಕಂಡ ಕ್ರಮದಲ್ಲಿ ಮಾಡಬಹುದು.

1. ಕರೆ ಮಾಡುವ ಚಿಕ್ಕ ತಂತ್ರಾಂಶವನ್ನು ಪ್ರತ್ಯೇಕವಾಗಿ ಸಿದ್ಧಪಡಿಸಿ, ನಿಗಾ ವ್ಯವಸ್ಥೆಯ ನೆರವಿಲ್ಲದೆ ಕೈಯಿಂದಲೇ ಒಮ್ಮೆ ಚಲಾಯಿಸಿ ಕರೆ ಬರುವುದನ್ನು ಖಚಿತಪಡಿಸಿಕೊಳ್ಳಬೇಕು. ಇದನ್ನು ಮಾಡದೆ ಮುಂದುವರಿದರೆ, ಕರೆ ಬಾರದಿದ್ದಾಗ ದೋಷ ಎಲ್ಲಿದೆಯೆಂದು ತಿಳಿಯುವುದಿಲ್ಲ.

2. ಆ ತಂತ್ರಾಂಶವನ್ನು ಹೊಸ ಮೀಡಿಯಾ ಟೈಪ್ ಆಗಿ ದಾಖಲಿಸಬೇಕು. ಕರೆಯ ಸಂಖ್ಯೆ ಮತ್ತು ಸಂದೇಶ ಎರಡನ್ನೂ ಅದಕ್ಕೆ ಒದಗಿಸಬೇಕು. ಅಲ್ಲಿಯೇ ಇರುವ ಪರೀಕ್ಷಾ ಗುಂಡಿಯನ್ನು ಒತ್ತಿ ಮತ್ತೊಮ್ಮೆ ಪರೀಕ್ಷಿಸಬೇಕು.

3. ಕರ್ತವ್ಯದಲ್ಲಿರುವ ಪ್ರತಿಯೊಬ್ಬರ ಖಾತೆಯಲ್ಲೂ ಅವರ ದೂರವಾಣಿ ಸಂಖ್ಯೆ, ಕರೆ ಸ್ವೀಕರಿಸುವ ವೇಳೆ ಮತ್ತು ಅನ್ವಯವಾಗುವ ದರ್ಜೆಗಳನ್ನು ನಮೂದಿಸಬೇಕು.

4. ಆ ಖಾತೆಗಳಿಗೆ ಸಂಬಂಧಪಟ್ಟ ಸರ್ವರ್‌ಗಳನ್ನು ನೋಡುವ ಅನುಮತಿ ಇದೆಯೆ ಎಂದು ಪರಿಶೀಲಿಸಬೇಕು. ಅನುಮತಿಯಿಲ್ಲದವರಿಗೆ ಜಾಬಿಕ್ಸ್ ಎಚ್ಚರಿಕೆ ಕಳುಹಿಸುವುದಿಲ್ಲ. ಎಲ್ಲವೂ ಸರಿಯಾಗಿದ್ದೂ ಕರೆ ಬಾರದಿರುವುದಕ್ಕೆ ಇದು ಸಾಮಾನ್ಯ ಕಾರಣ.

5. ಕೊನೆಯಲ್ಲಿ ಆ್ಯಕ್ಷನ್ ರಚಿಸಿ, ಯಾವ ದರ್ಜೆಗೆ ಯಾರಿಗೆ ಯಾವ ಸರದಿಯಲ್ಲಿ ಕರೆ ಹೋಗಬೇಕೆಂದು ಸೂಚಿಸಬೇಕು.

ಸ್ವೀಕೃತಿ

ಕರೆಯನ್ನು ಯಾರೋ ಎತ್ತಿದರು ಎಂದ ಮಾತ್ರಕ್ಕೆ ಸಂದೇಶ ತಲುಪಿತೆಂದು ಭಾವಿಸಕೂಡದು. ವಾಯ್ಸ್‌ಮೇಲ್ ಎತ್ತಿರಬಹುದು; ನಿದ್ದೆಗಣ್ಣಿನಲ್ಲಿ ಎತ್ತಿ ಮತ್ತೆ ಮಲಗಿರಬಹುದು; ಮನೆಯ ಮಗು ಎತ್ತಿರಬಹುದು. ಆದುದರಿಂದ ‘ಹೊಣೆ ವಹಿಸಿಕೊಳ್ಳಲು ಒಂದನ್ನು ಒತ್ತಿರಿ’ ಎಂದು ಕೇಳುವ ಪದ್ಧತಿಯಿದೆ. ದೂರವಾಣಿಯ ಪ್ರತಿಯೊಂದು ಅಂಕಿಯ ಗುಂಡಿಯೂ ಎರಡು ಸ್ವರಗಳನ್ನು ಒಟ್ಟಿಗೆ ಹೊರಡಿಸುತ್ತದೆ. ಒಂದರ ಗುಂಡಿಯಿಂದ 697 ಮತ್ತು 1209 ಹರ್ಟ್ಸ್ ಕಂಪನಾಂಕದ ಸ್ವರಗಳು ಹೊರಡುತ್ತವೆ. ಈ ಜೋಡಿಯನ್ನು ಗುರುತಿಸಿ ಕರೆಯ ತಂತ್ರಾಂಶವು ನಿಗಾ ವ್ಯವಸ್ಥೆಗೆ ಸ್ವೀಕೃತಿಯನ್ನು ತಿಳಿಸುತ್ತದೆ. ಮುಂದಿನ ಕರೆಗಳಿಗೆ ‘ಸ್ವೀಕೃತಿ ಇಲ್ಲದಿದ್ದರೆ ಮಾತ್ರ’ ಎಂಬ ಷರತ್ತು ಹಾಕಿದ್ದರೆ ಅವು ನಿಲ್ಲುತ್ತವೆ. ಗುಂಡಿ ಒತ್ತದೆ ಕರೆ ಮುಗಿದರೆ ಅದನ್ನು ತಲುಪದ ಕರೆಯೆಂದೇ ಎಣಿಸತಕ್ಕದ್ದು.

ಕರೆಯ ಮಾತು ಚಿಕ್ಕದಾಗಿರಬೇಕು. ‘ಇದು ಆಸ್ಪತ್ರೆಯ ನಿಗಾ ವ್ಯವಸ್ಥೆ. ರಕ್ತನಿಧಿಯ ಸರ್ವರ್‌ನಲ್ಲಿ ಡಿಸ್ಕ್ ತುಂಬುತ್ತಿದೆ. ಹೊಣೆ ವಹಿಸಿಕೊಳ್ಳಲು ಒಂದನ್ನು ಒತ್ತಿರಿ’ ಎಂದರೆ ಸಾಕು. ಇದನ್ನು ಎರಡು ಸಲ ಹೇಳಿಸಬೇಕು, ಏಕೆಂದರೆ ಮೊದಲ ಸಲ ಕೇಳುವವರು ಪೂರ್ಣ ಎಚ್ಚೆತ್ತಿರುವುದಿಲ್ಲ. ಯಂತ್ರದ ಉಚ್ಚಾರಣೆಗಿಂತ ಮನುಷ್ಯರ ಧ್ವನಿಮುದ್ರಣ ಸ್ಪಷ್ಟವಾಗಿರುತ್ತದೆ. ನಾನಾ ಭಾಷೆಗಳನ್ನಾಡುವವರು ಸೇರಿ ದುಡಿಯುವ ನಗರಗಳಲ್ಲಿ ಪ್ರತಿಯೊಬ್ಬರ ಕರೆಗೂ ಅವರು ನಿದ್ದೆಗಣ್ಣಿನಲ್ಲಿಯೂ ಗ್ರಹಿಸಬಲ್ಲ ಭಾಷೆಯನ್ನು ಆರಿಸಬಹುದು. ನಾಲ್ಕಾರು ವಾಕ್ಯಗಳನ್ನು ಮುದ್ರಿಸುವುದು ದೊಡ್ಡ ಕೆಲಸವಲ್ಲ. ಗುಪ್ತಪದ, ರೋಗಿಯ ಹೆಸರು ಮುಂತಾದುವನ್ನು ಕರೆಯಲ್ಲಿ ಎಂದಿಗೂ ಹೇಳಕೂಡದು.

ಇಂದಿನ ಮೊಬೈಲ್‌ಗಳು ರಾತ್ರಿಯ ಹೊತ್ತು ಕರೆಗಳನ್ನು ಮೌನವಾಗಿಸುವ ಸೌಲಭ್ಯ ಹೊಂದಿವೆ. ಅಪರಿಚಿತ ಸಂಖ್ಯೆಯನ್ನು ಜಾಹೀರಾತಿನ ಕರೆಯೆಂದು ತಡೆಯುವುದೂ ಉಂಟು. ಆದ್ದರಿಂದ ಎಚ್ಚರಿಕೆಯ ಕರೆ ಸದಾ ಒಂದೇ ಸಂಖ್ಯೆಯಿಂದ ಬರಬೇಕು. ಕರ್ತವ್ಯದಲ್ಲಿರುವವರು ಅದನ್ನು ತಮ್ಮ ವಿಳಾಸಪಟ್ಟಿಯಲ್ಲಿ ಸೇರಿಸಿ, ಮೌನದ ವೇಳೆಯಲ್ಲೂ ಸದ್ದು ಮಾಡುವಂತೆ ವಿನಾಯಿತಿ ನೀಡಬೇಕು. ಒಂದೇ ಸಂಖ್ಯೆಯಿಂದ ಬೇಗನೆ ಎರಡನೆಯ ಕರೆ ಬಂದರೆ ಮೌನವನ್ನು ಮುರಿಯುವ ಆಯ್ಕೆ ಅನೇಕ ಮೊಬೈಲ್‌ಗಳಲ್ಲಿ ಇದೆ. ಐಫೋನ್‌ನಲ್ಲಿ ಈ ಅವಧಿ ಮೂರು ನಿಮಿಷ. ಮರುಪ್ರಯತ್ನವನ್ನು ಈ ಅವಧಿಯೊಳಗೆ ಇಟ್ಟುಕೊಳ್ಳುವುದು ಲಾಭದಾಯಕ.

ಸಮಯದ ಲೆಕ್ಕ

ಒಂದು ಸೇವೆಯು ಶೇಕಡಾ 99.9ರಷ್ಟು ಕಾಲ ನಡೆಯಬೇಕೆಂದು ನಿಗದಿಯಾಗಿದೆ ಎಂದಿಟ್ಟುಕೊಳ್ಳಿರಿ. ಮೂವತ್ತು ದಿನಗಳ ತಿಂಗಳಿಗೆ 43,200 ನಿಮಿಷಗಳು. ಅದರ ಸಾವಿರದಲ್ಲೊಂದು ಪಾಲು, ಅಂದರೆ 43 ನಿಮಿಷ 12 ಸೆಕೆಂಡು ಮಾತ್ರ ಸೇವೆ ನಿಲ್ಲಬಹುದು. ನಿಮಿಷಕ್ಕೊಮ್ಮೆ ಅಳೆದು ಸತತ ಮೂರು ಸಲ ತಪ್ಪು ಕಂಡಾಗ ಎಚ್ಚರಿಸುವುದಾದರೆ ಪತ್ತೆಗೆ ಹೆಚ್ಚೆಂದರೆ ಮೂರು ನಿಮಿಷ ಬೇಕು. ಮೊದಲನೆಯವರಿಗೆ 45 ಸೆಕೆಂಡಿನ ಕರೆ, ಒಂದು ನಿಮಿಷ ಬಿಟ್ಟು ಮತ್ತೊಂದು ಕರೆ. ಐದು ನಿಮಿಷಗಳಲ್ಲಿ ಸ್ವೀಕೃತಿ ಬಾರದಿದ್ದರೆ ಎರಡನೆಯವರಿಗೆ. ಇನ್ನೂ ಐದು ನಿಮಿಷ ಕಳೆದರೆ ಮೇಲಧಿಕಾರಿಗೆ. ಹೀಗೆ ಏರ್ಪಡಿಸಿದರೆ ಮೊದಲ ಇಬ್ಬರೂ ದೊರೆಯದಿದ್ದಾಗಲೂ ಸುಮಾರು ಹದಿನಾಲ್ಕನೆಯ ನಿಮಿಷಕ್ಕೆ ಮೂರನೆಯವರು ಎಚ್ಚೆತ್ತಿರುತ್ತಾರೆ. ದುರಸ್ತಿಗೆ 29 ನಿಮಿಷ ಉಳಿಯುತ್ತದೆ.

ಜಾಬಿಕ್ಸ್‌ನಲ್ಲಿ ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಏರುವ ಅವಧಿಯು ತಾನಾಗಿ ಒಂದು ಗಂಟೆಯೆಂದು ನಿಗದಿಯಾಗಿರುತ್ತದೆ. ಅದನ್ನು ಬದಲಿಸಲು ಮರೆತರೆ ಎರಡನೆಯವರಿಗೆ ಕರೆ ಹೋಗುವಷ್ಟರಲ್ಲಿ ಇಡೀ ತಿಂಗಳ ಅವಕಾಶ ಮುಗಿದುಹೋಗಿರುತ್ತದೆ. ಏರ್ಪಾಡು ಮಾಡುವವರು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಬೇಕು.

ಎಚ್ಚರಿಕೆಯನ್ನೂ ಪರೀಕ್ಷಿಸಬೇಕು

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ಮುಖ್ಯ ದತ್ತಸಂಚಯದ ಕಡತಗಳನ್ನು ಪ್ರಮಾದದಿಂದ ಅಳಿಸಿದರು. ನಿತ್ಯದ ನಕಲು ಪ್ರತಿಗಾಗಿ ಹುಡುಕಿದಾಗ ಅದು ಇರಲೇ ಇಲ್ಲ. ತಂತ್ರಾಂಶದ ಆವೃತ್ತಿಗಳು ಹೊಂದಿಕೆಯಾಗದೆ ನಕಲು ಕಾರ್ಯವು ವಿಫಲವಾಗುತ್ತಿತ್ತು. ವೈಫಲ್ಯವನ್ನು ತಿಳಿಸುವ ಇ-ಮೇಲ್‌ಗಳೂ ಹೊರಟಿದ್ದವು. ಆದರೆ ಅವುಗಳಲ್ಲಿ ಅಗತ್ಯವಾದ ದೃಢೀಕರಣ ಇಲ್ಲದ ಕಾರಣ ಸ್ವೀಕರಿಸುವ ಸರ್ವರ್ ಅವುಗಳನ್ನು ತಿರಸ್ಕರಿಸುತ್ತಿತ್ತು. ಎಚ್ಚರಿಕೆ ಬಾರದುದರಿಂದ ಎಲ್ಲವೂ ಸರಿಯಿದೆಯೆಂದೇ ಭಾವಿಸಲಾಗಿತ್ತು. ಬೇರೊಂದು ಉದ್ದೇಶಕ್ಕಾಗಿ ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯಿಂದ ಮಾಹಿತಿಯನ್ನು ಮರಳಿ ಪಡೆಯಲಾಯಿತು. ಆ ನಡುವಿನ ಆರು ಗಂಟೆಗಳ ದತ್ತಾಂಶ ನಷ್ಟವಾಯಿತು. ಸಂಸ್ಥೆಯು ಈ ವಿವರಗಳನ್ನು ತಾನೇ ಬಹಿರಂಗಪಡಿಸಿತು.

ಎಚ್ಚರಿಕೆ ಬಾರದಿರುವುದಕ್ಕೆ ಎರಡು ಕಾರಣಗಳಿರಬಹುದು: ತೊಂದರೆ ಇಲ್ಲ, ಅಥವಾ ಎಚ್ಚರಿಕೆಯೇ ಕೆಟ್ಟಿದೆ. ಇವೆರಡನ್ನೂ ಬೇರ್ಪಡಿಸಲು ನಿಯತವಾದ ಪರೀಕ್ಷೆಯೊಂದೇ ಮಾರ್ಗ. ಪ್ರತಿದಿನ ಹಗಲಿನಲ್ಲಿ ನಿಗದಿತ ವೇಳೆಗೆ ಒಂದು ಪರೀಕ್ಷಾ ಕರೆ ಬರಬೇಕು. ಬಾರದಿದ್ದರೆ ಕರ್ತವ್ಯದಲ್ಲಿರುವವರು ವಿಚಾರಿಸಬೇಕು. ನಿಗಾ ವ್ಯವಸ್ಥೆಯಿಂದ ನಿಮಿಷಕ್ಕೊಮ್ಮೆ ಹೊರಗಿನ ಬೇರೊಂದು ಯಂತ್ರಕ್ಕೆ ‘ಜೀವಂತವಾಗಿದ್ದೇನೆ’ ಎಂಬ ಸಂಕೇತ ಹೋಗುತ್ತಿರಬೇಕು. ಅದು ನಿಂತರೆ ಆ ಹೊರಗಿನ ಯಂತ್ರವೇ ಕರೆ ಮಾಡಬೇಕು. ತಿಂಗಳಿಗೊಮ್ಮೆ ಮೊದಲನೆಯವರು ಬೇಕೆಂದೇ ಕರೆಯನ್ನು ಸ್ವೀಕರಿಸದೆ, ಎರಡನೆಯವರಿಗೆ ಅದು ತಲುಪುವುದೋ ಎಂದು ನೋಡಬೇಕು. ಸಿಮ್ ಕಾರ್ಡಿನ ಹಣ ಮುಗಿದಿರುವುದು, ನೌಕರಿ ಬಿಟ್ಟವರ ಸಂಖ್ಯೆ ಪಟ್ಟಿಯಲ್ಲಿ ಉಳಿದಿರುವುದು ಮುಂತಾದ ಸಣ್ಣ ಲೋಪಗಳು ಇಂತಹ ಪರೀಕ್ಷೆಯಲ್ಲಿ ಮಾತ್ರ ಹೊರಬೀಳುತ್ತವೆ.

ನಿಯಮ ಮತ್ತು ದಾಖಲೆ

ಡಿಸ್ಕ್ ತುಂಬುವುದು ಸೈಬರ್ ದಾಳಿಯಲ್ಲ. ಆದರೆ ಅಪರಾತ್ರಿಯ ಕೆಲವು ಕರೆಗಳ ಹಿಂದೆ ದಾಳಿಯೂ ಇರಬಹುದು. ಭಾರತ ಸರ್ಕಾರದ ಗಣಕ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸೂಚಿತ ಬಗೆಯ ಸೈಬರ್ ಘಟನೆಗಳನ್ನು ಗಮನಿಸಿದ ಅಥವಾ ಗಮನಕ್ಕೆ ತಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು. ದಾಖಲೆಗಳನ್ನು 180 ದಿನ ಕಾಪಾಡಬೇಕು. ಯಂತ್ರಗಳ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಾಲಮಾನಕ್ಕೆ ಹೊಂದಿಸಬೇಕು. ಕರೆ ಎಷ್ಟು ಗಂಟೆಗೆ ಹೋಯಿತು, ಯಾರು ಯಾವಾಗ ಸ್ವೀಕರಿಸಿದರು ಎಂಬ ದಾಖಲೆ ಈ ದೃಷ್ಟಿಯಿಂದಲೂ ಬೆಲೆಯುಳ್ಳದ್ದು. ಅನಪೇಕ್ಷಿತ ವಾಣಿಜ್ಯ ಕರೆಗಳನ್ನು ತಡೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2018ರಲ್ಲಿ ನಿಯಮಗಳನ್ನು ರೂಪಿಸಿದೆ. ಆದ್ದರಿಂದ ಸ್ವಯಂಚಾಲಿತ ಕರೆಗಳ ಉದ್ದೇಶವನ್ನು ಸೇವಾದಾರರಿಗೆ ಮೊದಲೇ ಲಿಖಿತವಾಗಿ ತಿಳಿಸಿ, ಅವರ ಷರತ್ತುಗಳನ್ನು ಅರಿತುಕೊಳ್ಳುವುದು ಕ್ಷೇಮ.

ಕರೆ ಸ್ವೀಕರಿಸುವವರು

ಎಷ್ಟೇ ಉತ್ತಮ ಏರ್ಪಾಡಾದರೂ ಅದರ ಕೊನೆಯಲ್ಲಿ ಒಬ್ಬ ಮನುಷ್ಯನಿದ್ದಾನೆ. ಒಬ್ಬರೇ ಪ್ರತಿ ರಾತ್ರಿ ಕರ್ತವ್ಯದಲ್ಲಿರುವ ವ್ಯವಸ್ಥೆ ಹೆಚ್ಚು ಕಾಲ ನಡೆಯದು. ವಾರಕ್ಕೊಬ್ಬರಂತೆ ಸರದಿ ಇರಬೇಕು. ರಾತ್ರಿ ಎದ್ದವರಿಗೆ ಮರುದಿನ ವಿಶ್ರಾಂತಿ ದೊರೆಯಬೇಕು. ಪ್ರತಿಯೊಂದು ಎಚ್ಚರಿಕೆಗೂ ಮೊದಲು ಏನನ್ನು ನೋಡಬೇಕು, ಏನು ಮಾಡಬೇಕು, ಆಗದಿದ್ದರೆ ಯಾರನ್ನು ಕರೆಯಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆದಿಡಬೇಕು. ನಿದ್ದೆಯಿಂದ ಎದ್ದವರು ನೆನಪನ್ನು ನಂಬಿ ಕೆಲಸ ಮಾಡುವಂತಾಗಕೂಡದು. ವಾರದ ಕೊನೆಯಲ್ಲಿ ಬಂದ ಕರೆಗಳನ್ನೆಲ್ಲ ಮುಂದಿಟ್ಟುಕೊಂಡು ಯಾವುದು ಅನಗತ್ಯವಾಗಿತ್ತೆಂದು ಚರ್ಚಿಸಿ, ಆ ಟ್ರಿಗರ್‌ಗಳನ್ನು ತಿದ್ದಬೇಕು.

ಹೀಗೆ ಏರ್ಪಡಿಸಿದ ವ್ಯವಸ್ಥೆಯಿದ್ದಲ್ಲಿ ಆ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಒಂದು ಕರೆ ಹೋಗುತ್ತದೆ. ಒಬ್ಬರು ಎದ್ದು ಒಂದನ್ನು ಒತ್ತಿ, ಪುಟದಲ್ಲಿ ಬರೆದಿರುವಂತೆ ಹಳೆಯ ಕಡತಗಳನ್ನು ಬೇರೆಡೆಗೆ ಸಾಗಿಸಿ, ಅರ್ಧ ಗಂಟೆಯಲ್ಲಿ ಮತ್ತೆ ಮಲಗುತ್ತಾರೆ. ನಾಲ್ಕೂವರೆಗೆ ಗಾಯಾಳು ಬಂದಾಗ ರಕ್ತನಿಧಿಯ ದಾಖಲೆ ತೆರೆದಿರುತ್ತದೆ.